ಕಾರು ಜಜ್ಜಿ ಹೋಗಿದೆ: ರಿಪೇರಿಯೋ, ಟೋಟಲ್ ಲಾಸೋ? ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ಒಂಬತ್ತು ದಿನದ ಹಿಂದೆ ಶಿರಾ ಹತ್ತಿರ ಹೈವೇಯಲ್ಲಿ ನಮ್ಮ ಕಾರಿಗೆ ಅಪಘಾತ ಆಯಿತು. ಮುಂದಿದ್ದ ಗೂಡ್ಸ್ ಗಾಡಿ ಇಂಡಿಕೇಟರ್ ಹಾಕದೆ ಬಲಕ್ಕೆ ತಿರುಗಿತು. ಬ್ರೇಕ್ ಒತ್ತಿದೆ, ಸಾಕಾಗಲಿಲ್ಲ. ಅಪ್ಪ ಪಕ್ಕದ ಸೀಟಿನಲ್ಲಿದ್ದರು. ಮುಂದಿನ ಎರಡೂ ಏರ್‌ಬ್ಯಾಗ್ ತೆರೆದುಕೊಂಡವು. ಅಪ್ಪನ ಮಣಿಕಟ್ಟಿನ ಮೂಳೆಗೆ ಬಿರುಕು ಬಿಟ್ಟಿದೆ, ಬೇರೇನೂ ಆಗಿಲ್ಲ. ಬೆಲ್ಟ್ ಹಾಕಿದ್ದೆವು, ಬಚಾವಾದೆವು.

ಈಗ ವಿಮೆ ವಿಷಯ. ಪೆಟ್ರೋಲ್ ಕಾರು, 1200 ಸಿಸಿ, ಮೂರು ವರ್ಷ ನಾಲ್ಕು ತಿಂಗಳು ಹಳೆಯದು. ಪಾಲಿಸಿಯಲ್ಲಿ ಐಡಿವಿ (ಗಾಡಿಗೆ ವಿಮೆಯಲ್ಲಿ ನಿಗದಿಯಾದ ಬೆಲೆ) 6,20,000 ರೂಪಾಯಿ. ಝೀರೋ ಡೆಪ್ (ಬಿಡಿಭಾಗಕ್ಕೆ ಸವಕಳಿ ಕಳೆಯದೆ ಕೊಡುವ ಹೆಚ್ಚುವರಿ ರಕ್ಷಣೆ) ಇಲ್ಲ, ಕಳೆದ ವರ್ಷ ರಿನ್ಯೂ ಮಾಡುವಾಗ ತೆಗೆಸಿದ್ದೆ. ವರ್ಕ್‌ಶಾಪ್‌ನವರು 5,48,000 ಎಸ್ಟಿಮೇಟ್ ಕೊಟ್ಟಿದ್ದಾರೆ. ಸಾಲ ಇನ್ನೂ 3,42,000 ಬಾಕಿ ಇದೆ.

ನಿನ್ನೆ ವಿಮಾ ಕಂಪನಿಯಿಂದ ಫೋನ್ ಬಂತು. "ಕ್ಯಾಶ್ ಲಾಸ್ ಮಾಡಿಬಿಡೋಣ, 3,60,000 ಕೊಡುತ್ತೇವೆ, ಗಾಡಿ ನೀವೇ ಇಟ್ಟುಕೊಳ್ಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿ" ಎಂದರು. ಎಸ್ಟಿಮೇಟ್ ಐಡಿವಿಯ ಶೇಕಡಾ 75 ದಾಟಿದರೆ ಟೋಟಲ್ ಲಾಸ್, ಅಂದರೆ ಗಾಡಿ ಪೂರ್ತಿ ಹೋದ ಲೆಕ್ಕ ಎಂದು ಕೇಳಿದ್ದೆ. ನನ್ನದು ಶೇಕಡಾ 88 ಆಗುತ್ತದೆ. ಹಾಗಾದರೆ ಪೂರ್ತಿ ಐಡಿವಿ ಬರಬೇಕು, ಅಲ್ವಾ? ತಿಳಿದವರು ದಯವಿಟ್ಟು ಹೇಳಿ. ಮನೆಯಲ್ಲಿ ಎಲ್ಲರೂ "ಸಿಕ್ಕಿದ್ದು ತಗೋ" ಎನ್ನುತ್ತಿದ್ದಾರೆ.

ಗ್ಯಾರೇಜ್ ಅಣ್ಣ

ಅಪ್ಪ ಹುಷಾರಾಗಿದ್ದಾರಲ್ಲ, ಅದು ದೊಡ್ಡದು. ಸಹಿ ಮಾತ್ರ ಹಾಕಬೇಡಿ.

ನಾನು ಹನ್ನೊಂದು ವರ್ಷದಿಂದ ಬಾಡಿಶಾಪ್‌ನಲ್ಲಿ ಇದ್ದೇನೆ. ಒಂದು ಪ್ರಶ್ನೆ: ಗಾಡಿ ಬಿಚ್ಚಿ ನೋಡಿದ್ದಾರಾ, ಅಥವಾ ಹೊರಗಿನಿಂದ ನೋಡಿ ಬರೆದ ಎಸ್ಟಿಮೇಟಾ? ಮೊದಲ ಎಸ್ಟಿಮೇಟ್ ಸಾಮಾನ್ಯವಾಗಿ ಕಣ್ಣಿಗೆ ಕಂಡಿದ್ದು ಮಾತ್ರ. ಬಂಪರ್, ಬಾನೆಟ್, ಲೈಟು, ರೇಡಿಯೇಟರ್. ಒಳಗಿನದ್ದು ಬಿಚ್ಚದೆ ಗೊತ್ತಾಗುವುದಿಲ್ಲ.

ಮುಂಭಾಗ ಜಜ್ಜಿಹೋಗಲಿ ಎಂದೇ ಕಾರು ಮಾಡಿರುತ್ತಾರೆ. ಗುದ್ದಿದ ಹೊಡೆತವನ್ನು ಅದು ತಾನೇ ತಿಂದು ಒಳಗೆ ಕೂತವರಿಗೆ ತಟ್ಟದ ಹಾಗೆ ನೋಡಿಕೊಳ್ಳುತ್ತದೆ. ನಿಮ್ಮಲ್ಲಿ ಅದೇ ಆಗಿದೆ. ಆದರೆ ಏರ್‌ಬ್ಯಾಗ್ ತೆರೆಯುವಷ್ಟು ಜೋರಾಗಿ ಹೊಡೆದಿದೆ ಎಂದರೆ ಲಾಂಗ್ ಮೆಂಬರ್ (ಮುಂಭಾಗದ ಉದ್ದನೆಯ ಚೌಕಟ್ಟು), ಏಪ್ರನ್ (ಚಕ್ರದ ಒಳಬದಿಯ ತಗಡು), ಇಂಜಿನ್ ಮೌಂಟ್, ಗೇರ್‌ಬಾಕ್ಸ್ ಹೌಸಿಂಗ್ ಎಲ್ಲ ನೋಡಲೇಬೇಕು. ಏರ್‌ಬ್ಯಾಗ್ ಒಮ್ಮೆ ತೆರೆದರೆ ಮುಗಿಯಿತು, ಮಡಚಿ ಇಡುವುದಕ್ಕೆ ಬರುವುದಿಲ್ಲ. ಸೀಟ್‌ಬೆಲ್ಟ್ ಎಳೆದು ಬಿಗಿ ಮಾಡುವ ಪ್ರಿಟೆನ್ಷನರ್ ಕೂಡ ಅದರ ಜೊತೆಗೇ ಸಿಡಿದಿರುತ್ತದೆ, ಅದೂ ಹೊಸದೇ ಬೇಕು. ಇವು ಎಸ್ಟಿಮೇಟ್‌ನಲ್ಲಿ ಇವೆಯಾ ನೋಡಿ. ಚಾವಣಿ ಹೊರುವ ಪಿಲ್ಲರ್‌ಗಳಲ್ಲಿ ಈಗ ತುಂಬ ಗಟ್ಟಿ ಉಕ್ಕು ಹಾಕುತ್ತಾರೆ. ಅದನ್ನು ಕಾಯಿಸಿ ಬಗ್ಗಿಸಿದರೆ ಅದರ ಶಕ್ತಿ ಹೋಗುತ್ತದೆ. "ಎಳೆದು ನೆಟ್ಟಗೆ ಮಾಡುತ್ತೇವೆ" ಎಂದರೆ ಒಪ್ಪಬೇಡಿ.

ಇನ್ನೊಂದು. ಯಾರಾದರೂ ಸುಮ್ನೆ ಇಂಜಿನ್ ಸ್ಟಾರ್ಟ್ ಮಾಡಿ ನೋಡಿದರೆ ತಡೆಯಿರಿ. ಕೂಲೆಂಟ್ ಸೋರಿರುವ ಗಾಡಿ ಓಡಿಸಿ ಇಂಜಿನ್ ಸೀಝ್ ಆದರೆ ಆ ಹೆಚ್ಚಿನ ಹಾನಿಯನ್ನು ಪಾಲಿಸಿ ಕೊಡುವುದಿಲ್ಲ. ಅಪಘಾತ ಆದ ಗಾಡಿಯನ್ನು ರಿಪೇರಿ ಮಾಡಿಸದೆ ಓಡಿಸಿದರೆ ಮುಂದಿನ ಹಾನಿ ಮಾಲೀಕನದ್ದೇ ಎಂದು ಪಾಲಿಸಿಯ ಷರತ್ತಿನಲ್ಲೇ ಇದೆ.

ನಿವೃತ್ತ ಸರ್ವೆಯರ್

ಹೊಂಗೆನೆರಳು ಅವರೇ, ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ. ತುಂಬ ಜನ ಇದೇ ತಪ್ಪು ಮಾಡುತ್ತಾರೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಶೇಕಡಾ 75 ಎನ್ನುವುದು ನಿಜ. ಆದರೆ ನಿಯಮದಲ್ಲಿ "ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು" ರಿಪೇರಿ ಖರ್ಚು ಐಡಿವಿಯ ಶೇಕಡಾ 75 ಮೀರಿದರೆ ಎಂದು ಇದೆ. ಅಂದರೆ ವರ್ಕ್‌ಶಾಪ್ ಬರೆದ ಮೊತ್ತ ಅಲ್ಲ, ಸವಕಳಿ (ಭಾಗ ಹಳತಾಗಿದ್ದಕ್ಕೆ ಕಡಿತ) ಕಳೆದು, ಹಾನಿ ಅಳೆಯುವ ಸರ್ವೆಯರ್ ಒಪ್ಪಿದ ಮೊತ್ತ. ನಿಮಗೆ ಝೀರೋ ಡೆಪ್ ಇಲ್ಲ. ಹಾಗಾಗಿ ಪ್ಲಾಸ್ಟಿಕ್, ರಬ್ಬರ್, ನೈಲಾನ್, ಟೈರು, ಬ್ಯಾಟರಿ, ಏರ್‌ಬ್ಯಾಗ್ ಇವಕ್ಕೆ ಅರ್ಧ ಕಳೆಯುತ್ತಾರೆ. ಗಾಜಿಗೆ ಏನೂ ಕಳೆಯುವುದಿಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ. ಮೂರರಿಂದ ನಾಲ್ಕು ವರ್ಷದ ಗಾಡಿಗೆ ಶೇಕಡಾ 25. ಪೇಂಟ್ ಬಿಲ್‌ನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ. ಲೇಬರ್‌ಗೆ ಕಳೆಯುವುದಿಲ್ಲ.

ಎಸ್ಟಿಮೇಟ್‌ನ ವಿಂಗಡಣೆ ಹಾಕಿ. ಲೆಕ್ಕ ಮಾಡಿ ಹೇಳುತ್ತೇನೆ.

ಹೊಂಗೆನೆರಳು

ಲೋಹದ ಭಾಗ 2,40,000. ಪ್ಲಾಸ್ಟಿಕ್, ರಬ್ಬರ್, ಏರ್‌ಬ್ಯಾಗ್ ಸೇರಿ 1,60,000. ಗಾಜು 28,000. ಲೇಬರ್ 80,000. ಪೇಂಟ್ 40,000. ತೆರಿಗೆ ಎಲ್ಲದರಲ್ಲೂ ಸೇರಿದೆ. ಅಣ್ಣಾ, ಗಾಡಿ ಬಿಚ್ಚಿಲ್ಲ. ಹೊರಗಿನಿಂದ ನೋಡಿ ಬರೆದದ್ದೇ.

ನಿವೃತ್ತ ಸರ್ವೆಯರ್

ಸರಿ. ಲೋಹಕ್ಕೆ 1,80,000 ಉಳಿಯುತ್ತದೆ. ಪ್ಲಾಸ್ಟಿಕ್ ಗುಂಪಿಗೆ 80,000. ಗಾಜು 28,000 ಪೂರ್ತಿ. ಲೇಬರ್ 80,000 ಪೂರ್ತಿ. ಪೇಂಟ್‌ಗೆ 35,000. ಒಟ್ಟು 4,03,000. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ (ಕ್ಲೇಮ್‌ನಲ್ಲಿ ಮಾಲೀಕರೇ ಹೊರಬೇಕಾದ ಭಾಗ) 1,000, ಕೊನೆಗೆ ಅದೂ ಹೋಗುತ್ತದೆ.

ನಿಮ್ಮ ಐಡಿವಿಯ ಶೇಕಡಾ 75 ಎಂದರೆ 4,65,000. ಈಗಿನ ಎಸ್ಟಿಮೇಟ್ ಮೇಲೆ ಇದು ಟೋಟಲ್ ಲಾಸ್ ಅಲ್ಲ, ರಿಪೇರಿ ಕೇಸು. ರಿಪೇರಿ ಮಾಡಿಸಿದರೆ ನಿಮ್ಮ ಕೈಯಿಂದ 1,46,000 ಹೋಗುತ್ತದೆ. ಝೀರೋ ಡೆಪ್ ಇದ್ದಿದ್ದರೆ ಇದೇ ಗಾಡಿ, ಇದೇ ಹಾನಿ, ಮೊದಲ ದಿನವೇ ಟೋಟಲ್ ಲಾಸ್ ಆಗುತ್ತಿತ್ತು. ಝೀರೋ ಡೆಪ್ ಬಂಪರ್ ಗೀರಿಗೆ ಎಂದು ಜನ ತಿಳಿದಿದ್ದಾರೆ. ಅದು ನಿಜಕ್ಕೂ ಕೆಲಸಕ್ಕೆ ಬರುವುದು ಇಂಥ ಹೊತ್ತಿನಲ್ಲಿ.

ಇನ್ನು ಅವರು ಹೇಳಿದ 3,60,000. ಅದು ಕ್ಯಾಶ್ ಲಾಸ್, ಅಂದರೆ ರಿಪೇರಿ ಮಾಡದೆ ಇಷ್ಟು ದುಡ್ಡು ತೆಗೆದುಕೊಂಡು ಕ್ಲೇಮ್ ಮುಗಿಸುವುದು. ಅದು ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ. ಗಾಡಿ ಬಿಚ್ಚುವ ಮೊದಲೇ ಅದಕ್ಕೆ ಸಹಿ ಹಾಕಿದರೆ, ಆಮೇಲೆ ಒಳಗೆ ಏನೇ ಸಿಕ್ಕರೂ ನಿಮ್ಮ ತಲೆ ಮೇಲೆ. ಬಿಚ್ಚಿಸಿ ನೋಡಬೇಕು ಎಂದು ಬರಹದಲ್ಲಿ ಕೇಳಿ. ಫೋನಿನಲ್ಲಿ ಬೇಡ, ಇಮೇಲ್ ಕಳಿಸಿ. ಬಿಚ್ಚುವ ದಿನ ಸರ್ವೆಯರ್ ಎದುರಿಗೆ ಇರಲಿ, ನೀವೂ ಹೋಗಿ, ಫೋಟೋ ತೆಗೆಯಿರಿ.

ಕಾವೇರಿತೀರ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಬಿಚ್ಚಿಸುವುದಕ್ಕೆ ವರ್ಕ್‌ಶಾಪ್‌ನವರು ದುಡ್ಡು ಕೇಳುತ್ತಾರಲ್ಲ? ನನ್ನ ತಮ್ಮನ ಗಾಡಿಗೆ ಕೇಳಿದ್ದರು. ಆಮೇಲೆ ಟೋಟಲ್ ಲಾಸ್ ಎಂದಾಗ ದಿನಕ್ಕೆ ಇಷ್ಟು ಎಂದು ಪಾರ್ಕಿಂಗ್ ಬಿಲ್ ಕೂಡ ಹಾಕಿದರು. ಎರಡು ತಿಂಗಳು ಅಲ್ಲೇ ನಿಂತಿತ್ತು. ಆ ಬಿಲ್ ನೋಡಿ ಅಮ್ಮ ಅತ್ತೇಬಿಟ್ಟರು.

ಗ್ಯಾರೇಜ್ ಅಣ್ಣ

ಕೇಳುತ್ತಾರೆ. ಬಿಚ್ಚಿದ ಮೇಲೆ ಅಲ್ಲೇ ರಿಪೇರಿ ಆದರೆ ಬಿಲ್‌ನಲ್ಲಿ ಸೇರಿಹೋಗುತ್ತದೆ. ಟೋಟಲ್ ಲಾಸ್ ಆದರೆ ಎಸ್ಟಿಮೇಟ್ ಚಾರ್ಜ್, ಪಾರ್ಕಿಂಗ್ ಎಂದು ಬೇರೆ ಬಿಲ್ ಬರುತ್ತದೆ. ಗಾಡಿ ಬಿಡುವ ದಿನವೇ ಈ ದರ ಎಷ್ಟು ಎಂದು ಜಾಬ್ ಕಾರ್ಡ್ ಮೇಲೆ ಬರೆಸಿಕೊಳ್ಳಿ. ಗಾಡಿ ನಿಂತಿರುವುದು ವಿಮೆಯವರ ನಿರ್ಧಾರ ತಡವಾಗಿದ್ದಕ್ಕೆ ಎಂದಾದರೆ, ಅದನ್ನು ದಿನಾಂಕ ಸಮೇತ ಇಮೇಲ್‌ನಲ್ಲಿ ಅವರಿಗೆ ಬರೆಯಿರಿ. ಬರೆದು ಕೇಳಿದವರಿಗೆ ಕಂಪನಿ ಪಾರ್ಕಿಂಗ್ ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಟೋಯಿಂಗ್‌ಗೆ ಪಾಲಿಸಿಯಲ್ಲಿ 1,500 ರೂಪಾಯಿ ಮಿತಿ ಇದೆ. ಹೈವೇ ಟೋಯಿಂಗ್‌ಗೆ ಅದು ಸಾಕಾಗುವುದಿಲ್ಲ. ರಸೀದಿ ಇಟ್ಟುಕೊಳ್ಳಿ, ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಅದರಲ್ಲಿ ಕೇಳಿ.

ರಾತ್ರಿಪಾಳಿ

ಹೊಂಗೆನೆರಳು, ಪೊಲೀಸ್ ದೂರು ಕೊಟ್ಟಿದ್ದೀರಾ? ಗೂಡ್ಸ್ ಗಾಡಿಯ ತಪ್ಪು ಎಂದಾದರೆ ಅದರ ಥರ್ಡ್ ಪಾರ್ಟಿ ವಿಮೆಯಿಂದಲೂ ಕೇಳಬಹುದು. ಅಪ್ಪನ ಗಾಯಕ್ಕೂ ಕೇಳಬಹುದು. ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹಾಕುವ ಕೇಸು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಅಪಘಾತ ಆದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಮುಂದೂಡಬೇಡಿ.

ನಮ್ಮಕ್ಕನ ಕೇಸಿನಲ್ಲಿ ನಾವು "ನಮ್ಮ ವಿಮೆ ಸಿಕ್ಕಿತಲ್ಲ" ಎಂದು ಸುಮ್ಮನೆ ಕೂತೆವು. ಕೈಯಿಂದ ಹೋದ ದುಡ್ಡನ್ನು ಎದುರಿನ ಗಾಡಿಯ ವಿಮೆಯಿಂದ ಕೇಳಬಹುದಿತ್ತು ಎಂದು ಒಂದು ವರ್ಷ ಆದ ಮೇಲೆ ಒಬ್ಬ ವಕೀಲರು ಹೇಳಿದರು. ಇವತ್ತಿಗೂ ನನಗೆ ಅದರ ಬೇಜಾರಿದೆ.

ನಿವೃತ್ತ ಸರ್ವೆಯರ್

ರಾತ್ರಿಪಾಳಿ ಹೇಳಿದ್ದು ಸರಿ. ಒಂದೇ ಹಾನಿಗೆ ಎರಡು ಕಡೆ ದುಡ್ಡು ಬರುವುದಿಲ್ಲ. ನಿಮ್ಮ ಕಂಪನಿ ಕೊಟ್ಟು ಉಳಿದ ಭಾಗವನ್ನು ಕೇಳಬಹುದು. ತಡ ಆಗುತ್ತದೆ, ಆದರೂ ಹಕ್ಕು ಹಕ್ಕೇ.

ಬಿಳಿ ಸ್ಕೂಟರ್

ಒಂದು ಮಾತು ಎಲ್ಲರಿಗೂ. ಗಾಡಿ ಓಡಿಸುತ್ತಿದ್ದವರು ಯಾರೋ ಅವರ ಹೆಸರನ್ನೇ ಕ್ಲೇಮ್ ಫಾರ್ಮ್‌ನಲ್ಲಿ ಬರೆಯಿರಿ. ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಮಗ ಓಡಿಸುತ್ತಿದ್ದ, ಅವನ ಲೈಸೆನ್ಸ್ ಅವಧಿ ಮುಗಿದಿತ್ತು. ಹೆದರಿ ತಂದೆಯ ಹೆಸರು ಬರೆದರು. ಆಸ್ಪತ್ರೆ ದಾಖಲೆಯಲ್ಲಿ ಮಗ ಚಾಲಕ ಎಂದಿತ್ತು. ಸುಳ್ಳು ಹೇಳಿದರು ಎಂದು ಕ್ಲೇಮ್ ಪೂರ್ತಿ ಹೋಯಿತು. ಆ ತಂದೆ ಇಡೀ ಜೀವನ ನಿಯತ್ತಾಗಿ ಬಾಳಿದವರು. ದುಡ್ಡು ಹೋಗಿದ್ದಕ್ಕಿಂತ ಆ ಮಾತು ಅವರನ್ನು ಜಾಸ್ತಿ ಕೊರೆಯಿತು.

ಹೊಂಗೆನೆರಳು

ದೂರು ಕೊಟ್ಟಿದ್ದೇನೆ, ಎಫ್‌ಐಆರ್ ಆಗಿದೆ. ಓಡಿಸುತ್ತಿದ್ದವನು ನಾನೇ, ಲೈಸೆನ್ಸ್ ಸರಿ ಇದೆ. ಕಂಪನಿಗೆ ತಿಳಿಸಿದ್ದು ಮಾತ್ರ ಮೂರನೇ ದಿನ. ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದೆ. ಅದನ್ನೇ ಹಿಡಿದು "ತಡ ಮಾಡಿದ್ದೀರಿ, ಮೇಲಿನವರು ರಿಜೆಕ್ಟ್ ಮಾಡಬಹುದು, ಅದಕ್ಕೇ ಈಗಲೇ ಒಪ್ಪಿಕೊಳ್ಳಿ" ಎಂದು ಫೋನಿನಲ್ಲಿ ಹೇಳಿದರು. ಅದು ನನ್ನನ್ನು ನಿದ್ದೆ ಮಾಡಲು ಬಿಡುತ್ತಿಲ್ಲ.

ನಿವೃತ್ತ ಸರ್ವೆಯರ್

ನಿದ್ದೆ ಮಾಡಿ. ತಡವಾಗಿ ತಿಳಿಸಿದರು ಎನ್ನುವ ಒಂದೇ ಕಾರಣಕ್ಕೆ ನಿಜವಾದ ಕ್ಲೇಮ್ ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್‌ನಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ತಡಕ್ಕೆ ಕಾರಣ ಇದ್ದರೆ ಸಾಕು. ಆಸ್ಪತ್ರೆಯ ಕಾಗದ ನಿಮ್ಮ ಹತ್ತಿರ ಇದೆ. ಕ್ಲೇಮ್ ಫೈಲಿಗೆ ಅದನ್ನು ಸೇರಿಸಿ.

ಕಂಪನಿಗೂ ಗಡುವಿದೆ. ಅದೇ ಪ್ರಾಧಿಕಾರದ 2024ರ ಮಾಸ್ಟರ್ ಸುತ್ತೋಲೆ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೆಯರ್ ನೇಮಕ ಆಗಬೇಕು. ಅವರು 15 ದಿನದೊಳಗೆ ವರದಿ ಕೊಡಬೇಕು. ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ನಿಮ್ಮ ಇಮೇಲ್‌ನಲ್ಲಿ ಈ ಮೂರು ಸಂಖ್ಯೆ ಬರೆಯಿರಿ. ಸರ್ವೆ ವರದಿಯ ಪ್ರತಿ ಬೇಕು ಎಂದೂ ಬರೆಯಿರಿ. ಕೇಳಿದರೆ ಕೊಡಬೇಕು. ನಾನು ಕೆಲಸದಲ್ಲಿದ್ದಾಗ ಅದನ್ನು ಕೇಳಿದವರು ತೀರಾ ಕಡಿಮೆ. ಕೇಳಿದವರ ಫೈಲು ಬೇಗ ಚಲಿಸುತ್ತಿತ್ತು.

ಹೊಂಗೆನೆರಳು (ಎಂಟು ದಿನದ ನಂತರ)

ಎಲ್ಲರಿಗೂ ಧನ್ಯವಾದ. ಇಮೇಲ್ ಕಳಿಸಿದ ಮೇಲೆ ಸರ್ವೆಯರ್ ಬಂದರು. ಅವರ ಎದುರೇ ಗಾಡಿ ಬಿಚ್ಚಿದರು. ಗೇರ್‌ಬಾಕ್ಸ್ ಹೌಸಿಂಗ್ ಒಡೆದಿದೆ. ಎಡಗಡೆ ಲಾಂಗ್ ಮೆಂಬರ್ ಬಗ್ಗಿದೆ. ಹೆಚ್ಚುವರಿ ಎಸ್ಟಿಮೇಟ್ 1,10,000. ಅದರಲ್ಲಿ ಲೋಹ 80,000, ಲೇಬರ್ 30,000. ಅಣ್ಣ ಹೇಳಿದ ಹಾಗೇ ಆಯಿತು.

ನಿವೃತ್ತ ಸರ್ವೆಯರ್

ಲೋಹಕ್ಕೆ 60,000, ಲೇಬರ್ 30,000. 4,03,000ಕ್ಕೆ 90,000 ಸೇರಿಸಿ: 4,93,000. ಈಗ 4,65,000 ದಾಟಿತು. ಇದು ಟೋಟಲ್ ಲಾಸ್. ನಿಮಗೆ ಬರಬೇಕಾದ್ದು 6,20,000ರಲ್ಲಿ 1,000 ಕಳೆದು 6,19,000. ಟೋಟಲ್ ಲಾಸ್‌ನಲ್ಲಿ ಬಿಡಿಭಾಗಕ್ಕೆ ಸವಕಳಿ ಕಳೆಯುವ ಹಾಗಿಲ್ಲ. ಐಡಿವಿ ಮೇಲೂ ಮತ್ತೆ ಸವಕಳಿ ಇಲ್ಲ. ಪಾಲಿಸಿ ಶುರುವಾದ ದಿನ ನಿಗದಿಯಾದ ಐಡಿವಿ ಆ ಪಾಲಿಸಿ ವರ್ಷ ಪೂರ್ತಿ ಅದೇ.

ಕಾವೇರಿತೀರ

ಓದಿ ಮನಸ್ಸು ಹಗುರಾಯಿತು. ಒಂದು ಮಾತು: ಇಎಂಐ ನಿಲ್ಲಿಸಬೇಡಿ. ಗಾಡಿ ಇಲ್ಲವಲ್ಲ ಎಂದು ತಮ್ಮ ಎರಡು ಕಂತು ಕಟ್ಟಲಿಲ್ಲ. ಬಡ್ಡಿ ಬೆಳೆಯಿತು, ಕ್ರೆಡಿಟ್ ಸ್ಕೋರ್ ಬಿತ್ತು. ಸಾಲ ಇರುವ ಗಾಡಿಯಾದರೆ ವಿಮೆ ದುಡ್ಡು ಮೊದಲು ಬ್ಯಾಂಕಿಗೆ ಹೋಗುತ್ತದೆ, ಮಿಕ್ಕಿದ್ದು ನಿಮಗೆ. ಬ್ಯಾಂಕಿನಿಂದ ಬಾಕಿ ಎಷ್ಟು ಎಂಬ ಪತ್ರ ತರಿಸಿ ಇಟ್ಟುಕೊಳ್ಳಿ.

ಹೊಂಗೆನೆರಳು

ಇಎಂಐ ಕಟ್ಟುತ್ತಿದ್ದೇನೆ. ಈಗ ಹೊಸ ಗೊಂದಲ. ಕಂಪನಿಯವರು ಜಜ್ಜಿದ ಗಾಡಿಗೆ ಎರಡು ದರ ತಂದಿದ್ದಾರೆ. ಆರ್‌ಸಿ ಸಮೇತ ಆದರೆ 1,90,000, ಆರ್‌ಸಿ ಇಲ್ಲದೆ 1,45,000. ಆರ್‌ಸಿ ಸಮೇತವೇ ಕೊಡಿ, ಎಲ್ಲರೂ ಹಾಗೇ ಮಾಡುವುದು ಎನ್ನುತ್ತಿದ್ದಾರೆ. ಕೊಳ್ಳುವವರು 1,90,000 ನನಗೆ ಕೊಡುತ್ತಾರಂತೆ, ಮಿಕ್ಕ 4,29,000 ಕಂಪನಿ ಕೊಡುತ್ತದಂತೆ.

ನಿವೃತ್ತ ಸರ್ವೆಯರ್

ಇಲ್ಲಿ ನಿಧಾನವಾಗಿ ಓದಿ. ಈ ಚರ್ಚೆಯಲ್ಲಿ ನಾನು ಬರೆದಿದ್ದರಲ್ಲಿ ಇದೇ ಮುಖ್ಯ.

ಯಾವ ದರ ಆದರೂ ನಿಮಗೆ ಸೇರುವ ಒಟ್ಟು ಮೊತ್ತ 6,19,000. ಆರ್‌ಸಿ ಇಲ್ಲದೆ ಕೊಟ್ಟರೆ ಕಂಪನಿ 4,74,000 ಕೊಡಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ. 45,000 ಉಳಿಯುವುದು ಅವರಿಗೆ. ಅಪಾಯ ಉಳಿಯುವುದು ನಿಮಗೆ.

ಜಜ್ಜಿದ ಗಾಡಿಯ ಆರ್‌ಸಿಗೆ ಯಾಕೆ ಅಷ್ಟು ಬೆಲೆ? ಕೆಲವರು ನಿಜವಾಗಿಯೂ ರಿಪೇರಿ ಮಾಡಿ ಮಾರುತ್ತಾರೆ. ಕೆಲವರು ಅದೇ ಮಾದರಿಯ ಕದ್ದ ಕಾರಿಗೆ ನಿಮ್ಮ ಚಾಸಿಸ್ ನಂಬರು, ನಿಮ್ಮ ನಂಬರ್ ಪ್ಲೇಟು ಹಾಕಿ ಓಡಿಸುತ್ತಾರೆ. ಆ ಗಾಡಿ ಯಾರಿಗಾದರೂ ಗುದ್ದಿದರೆ ನೋಟಿಸ್ ಬರುವುದು ನಿಮ್ಮ ಮನೆಗೆ. ಗಾಡಿ ಮಾರಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗಾಡಿ ಇನ್ನು ಓಡಿಸಲು ಬರುವುದಿಲ್ಲ ಎಂದಾದರೆ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಮಾಲೀಕರು 14 ದಿನದೊಳಗೆ ಅಥವಾ ಆದಷ್ಟು ಬೇಗ ಆರ್‌ಟಿಒಗೆ ತಿಳಿಸಿ, ಆರ್‌ಸಿ ಒಪ್ಪಿಸಿ, ನೋಂದಣಿ ರದ್ದು ಮಾಡಿಸಬೇಕು. ಅದನ್ನೇ ಮಾಡಿ.

ರಾತ್ರಿಪಾಳಿ

ಆರ್‌ಸಿ ಸಮೇತ ಕೊಡಲೇಬೇಕಾದ ಸಂದರ್ಭ ಬಂದವರಿಗೆ: ಖಾಲಿ ಫಾರ್ಮ್ 29, 30ಕ್ಕೆ (ಮಾಲೀಕತ್ವ ವರ್ಗಾವಣೆಯ ಫಾರ್ಮ್‌ಗಳು) ಸಹಿ ಹಾಕಿ ಕೊಡಬೇಡಿ. ಕೊಳ್ಳುವವರ ಹೆಸರು, ವಿಳಾಸ, ದಿನಾಂಕ ತುಂಬಿದ ಮೇಲೆಯೇ ಸಹಿ. ಗಾಡಿ ತೆಗೆದುಕೊಂಡು ಹೋದ ದಿನ, ಹೊತ್ತು ಬರೆದ ರಸೀದಿ ಪಡೆಯಿರಿ. ಹೆಸರು ಬದಲಾಗಿದೆಯಾ ಎಂದು ಪರಿವಾಹನ್ ತಾಣದಲ್ಲಿ ನೋಡುತ್ತಿರಿ, ಬದಲಾಗುವವರೆಗೂ ಬಿಡಬೇಡಿ.

ಬಿಳಿ ಸ್ಕೂಟರ್

ಕಂಪನಿ ಒಪ್ಪದಿದ್ದರೆ ಏನು ಮಾಡಬೇಕು? ನನ್ನ ಕೇಸು ಇನ್ನೂ ಹಾಗೇ ನಿಂತಿದೆ.

ನಿವೃತ್ತ ಸರ್ವೆಯರ್

ಮೊದಲು ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರಹದಲ್ಲಿ ದೂರು. ಜೊತೆಗೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ತಾಣದಲ್ಲೂ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ. ನಮ್ಮ ರಾಜ್ಯಕ್ಕೆ ಬೆಂಗಳೂರಿನಲ್ಲೇ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 50 ಲಕ್ಷದವರೆಗಿನ ಕ್ಲೇಮ್ ಅಲ್ಲಿ ನಡೆಯುತ್ತದೆ. ಕಂಪನಿ ಇಲ್ಲ ಎಂದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕ ಆಯೋಗದಲ್ಲಿ ಕೇಸು ಹಾಕಿದ್ದರೆ ಅದೇ ವಿಷಯಕ್ಕೆ ಇಲ್ಲಿ ಬರುವುದಕ್ಕೆ ಆಗುವುದಿಲ್ಲ, ಯೋಚಿಸಿ ಆರಿಸಿ. ನಿಮ್ಮ ವಿವರ ನನಗೆ ಖಾಸಗಿಯಾಗಿ ಕಳಿಸಿ, ದೂರು ಬರೆಯಲು ಜೊತೆಗಿರುತ್ತೇನೆ.

ಹೊಂಗೆನೆರಳು (ಐದು ವಾರದ ನಂತರ)

ಮುಗಿಯಿತು. ಆರ್‌ಸಿ ರದ್ದು ಮಾಡಿಸಿಯೇ ಗಾಡಿ ಕೊಡುತ್ತೇನೆ ಎಂದು ಕುಂದುಕೊರತೆ ವಿಭಾಗಕ್ಕೆ ಬರೆದೆ. ಹನ್ನೆರಡು ದಿನ ಎಳೆದರು, ಆಮೇಲೆ ಒಪ್ಪಿದರು. ಕಂಪನಿ 4,74,000 ಕೊಟ್ಟಿತು. ಅದರಲ್ಲಿ 3,42,000 ಸಾಲಕ್ಕೆ ಹೋಯಿತು, 1,32,000 ನನಗೆ. ಗಾಡಿ ಕೊಂಡವರು 1,45,000 ಖಾತೆಗೆ ಹಾಕಿದ ಮೇಲೆಯೇ ಕೀ ಕೊಟ್ಟೆ. ಅಪಘಾತ ಆದ ಮೇಲೆ ಕಟ್ಟಿದ ಒಂದು ಕಂತನ್ನು ಬ್ಯಾಂಕು ವಾಪಸ್ ಮಾಡಿದೆ. ಬ್ಯಾಂಕಿನ ಎನ್‌ಒಸಿ, ಸಾಲ ತೀರಿತು ಎನ್ನುವ ಫಾರ್ಮ್ 35 ಬಂದವು. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ರಿಯಾಯಿತಿ) ಶೇಕಡಾ 35 ಇತ್ತು, ಅದು ಹೋಯಿತು. ನ್ಯಾಯಮಂಡಳಿಯಲ್ಲಿ ಅಪ್ಪನ ಅರ್ಜಿ ಹಾಕಿದ್ದೇವೆ.

ಗಾಡಿ ಒಯ್ಯುವ ದಿನ ಅಪ್ಪ ಬಂದಿದ್ದರು. ಕಟ್ಟು ಬಿಚ್ಚಿದ ಕೈಯಲ್ಲೇ ಡ್ಯಾಶ್‌ಬೋರ್ಡ್ ಮೇಲಿದ್ದ ಸಣ್ಣ ಗಣಪತಿಯನ್ನು ಬಿಡಿಸಿಕೊಂಡರು. ನಾನು ಫಾಸ್ಟ್ಯಾಗ್ ಕಿತ್ತೆ.

ಗ್ಯಾರೇಜ್ ಅಣ್ಣ

ಕಿತ್ತರೆ ಸಾಲದು. ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೇಳಿ ಕ್ಲೋಸ್ ಮಾಡಿಸಿ. ಡೆಪಾಸಿಟ್ ವಾಪಸ್ ಬರುತ್ತದೆ.

ಹೊಂಗೆನೆರಳು

ಇವತ್ತೇ ಮಾಡುತ್ತೇನೆ ಅಣ್ಣಾ.